ಸೀಟಿ ಕೇಳದ ಫಾರ್ವರ್ಡ್

ಹೊಸದಾಗಿ ದೈಹಿಕ ಶಿಕ್ಷಣದ ಕೆಲಸಕ್ಕೆ ಸೇರಿದ ಹುಡುಗರು ಆಗಾಗ ನನ್ನ ಮನೆಗೆ ಬರುತ್ತಾರೆ. ಬಂದವರು ಮೊದಲು ವರ್ಗಾವಣೆಯ ಸುದ್ದಿ ತೆಗೆಯುತ್ತಾರೆ, ಆಮೇಲೆ ಬಡ್ತಿಯದು. ಎರಡರಲ್ಲೂ ನನ್ನದು ಹೇಳಿಕೊಳ್ಳುವಂಥ ಸಾಧನೆಯಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಅಂತ ನಾಲ್ಕು ಊರಿನ ಮೈದಾನದ ಧೂಳು ತಿಂದು, ಪಿ.ಟಿ. ಮೇಷ್ಟ್ರಾಗಿ ಸೇರಿದವನು ಪಿ.ಟಿ. ಮೇಷ್ಟ್ರಾಗಿಯೇ ಹೊರಬಿದ್ದೆ. ಹಾಗಾಗಿ ಅವರಿಗೆ ಚಹಾ ಕೊಟ್ಟು ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಹುಡುಗರಲ್ಲಿ ಯಾರಿಗೆ ಕಣ್ಣು ಮಂಜು, ಯಾರಿಗೆ ಕಿವಿ ಮಂದ, ಗೊತ್ತೇನ್ರಪ್ಪ? ಅವರು ಮುಖ ಮುಖ ನೋಡಿಕೊಳ್ಳುತ್ತಾರೆ.

ಅವರನ್ನು ಬೈಯುವುದಿಲ್ಲ. ಎರಡು ವರ್ಷ ನನ್ನ ಕಣ್ಣೆದುರೇ ಓಡಾಡಿದ ಒಬ್ಬ ಆಟಗಾರನಿಗೆ ಸೀಟಿಯ ಸದ್ದು ಕೇಳುವುದಿಲ್ಲ ಎಂಬುದು ನನಗೇ ತಿಳಿದಿರಲಿಲ್ಲ. ಅವನು ಅಂತಿಂಥ ಆಟಗಾರನೂ ಅಲ್ಲ. ನಮ್ಮ ಕಡೆಯಿಂದ ಎದ್ದ ಮೊದಲ ಕಾಲೇಜು ಫುಟ್‌ಬಾಲ್ ಹೀರೋ. ಹೆಸರು ಹಾಲೇಶ, ಚನ್ನಗಿರಿ ಪಕ್ಕದ ನಲ್ಲೂರಿನವನು. ಅಪ್ಪ ರುದ್ರಪ್ಪನವರಿಗೆ ಅಲ್ಲಿ ಬಸ್ಸು ನಿಲ್ಲುವ ಕಡೆ ಒಂದು ಕಿರಾಣಿ ಅಂಗಡಿ. ನನ್ನ ಕೆಲಸ ಎಂಥದ್ದು ಅಂತ ಹೇಳಬೇಕಾದರೆ ಅವನ ಕಥೆ ಬಿಟ್ಟು ಹೇಳಲು ನನಗೆ ಬರುವುದಿಲ್ಲ.

ಎಪ್ಪತ್ತರ ದಶಕದ ಆರಂಭದ ಮಾತು. ಚನ್ನಗಿರಿ ಆಗ ಶಿವಮೊಗ್ಗ ಜಿಲ್ಲೆಯಲ್ಲಿತ್ತು. ನಾನು ಸೇರಿದ ಕಾಲೇಜಿಗೆ ಬಿ.ಎ. ತರಗತಿ ಹೊಸದಾಗಿ ಬಂದಿತ್ತು. ಪಿ.ಟಿ. ಮೇಷ್ಟ್ರ ಕೆಲಸ ಅಂದರೆ ಆಟ ಆಡಿಸುವುದು ಅಂತ ನಂಬಿ ಹೋದವನು ನಾನು. ಬೆಳಿಗ್ಗೆ ಪ್ರಾರ್ಥನೆಗೆ ಸಾಲು ನಿಲ್ಲಿಸುವುದು, ತಡವಾಗಿ ಬಂದವರನ್ನು ಗೇಟಿನಲ್ಲಿ ಹಿಡಿಯುವುದು, ಪರೀಕ್ಷೆಯಲ್ಲಿ ಕಾಪಿ ಚೀಟಿ ಹುಡುಕುವುದು, ಮಂತ್ರಿಗಳು ಬಂದರೆ ಜನರನ್ನು ಹಗ್ಗದ ಆಚೆ ನೂಕುವುದು, ಇಷ್ಟೆಲ್ಲ ಮುಗಿದು ಹೊತ್ತು ಉಳಿದರೆ ಆಟ. ನಮ್ಮ ಪ್ರಿನ್ಸಿಪಾಲರು ಒಳ್ಳೆಯ ಮನುಷ್ಯರು. ಆದರೆ ಚೆಂಡು ಕಂಡರೆ ಅವರಿಗೆ ಕಿಟಕಿಯ ಗಾಜು ನೆನಪಾಗುತ್ತಿತ್ತು.

"ಕಬಡ್ಡಿ ಆಡ್ಸ್ರಿ ಮೇಷ್ಟ್ರೇ, ಗೆರೆ ಎಳೆಯಾಕೆ ಒಂದು ಕಡ್ಡಿ ಇದ್ರೆ ಆತು. ಈ ಫುಟ್‌ಬಾಲ್ ನಮ್ಮ ಊರಿಗೆ ಯಾಕ್ರಿ" ಎನ್ನುತ್ತಿದ್ದರು.

ನಾನು ಕೇಳಲಿಲ್ಲ. ಆಗಿನ ಚೆಂಡು ಈಗಿನಂಥದ್ದಲ್ಲ. ಚರ್ಮದ ಹೊದಿಕೆ ಬೇರೆ, ಒಳಗಿನ ರಬ್ಬರ್ ಬ್ಲಾಡರ್ ಬೇರೆ. ಸೈಕಲ್ ಪಂಪಿನಲ್ಲಿ ಗಾಳಿ ತುಂಬಿ, ಬ್ಲಾಡರಿನ ಕತ್ತಿಗೆ ದಾರ ಬಿಗಿದು ಒಳಗೆ ತುರುಕಿ, ಮೇಲೆ ಚರ್ಮದ ಲಾಡಿ ಹೆಣೆಯಬೇಕು. ಮಳೆಯಲ್ಲಿ ನೆನೆದರೆ ಅದು ಚೆಂಡಲ್ಲ, ಗುಂಡುಕಲ್ಲು. ತಲೆಯಿಂದ ಹೊಡೆದ ಹುಡುಗರ ಹಣೆಯ ಮೇಲೆ ಲಾಡಿಯ ಗುರುತು ಮೂಡುತ್ತಿತ್ತು, ಮನೆಯಲ್ಲಿ ತಾಯಂದಿರು ಯಾರ ಜೊತೆ ಬಡಿದಾಡಿದೆ ಅಂತ ಕೇಳುತ್ತಿದ್ದರು. ಗೋಲಿನ ಕಂಬಕ್ಕೆ ಸರ್ವೆ ಗಳ. ಸುಗ್ಗಿ ಬಂತೆಂದರೆ ಅರ್ಧ ಮೈದಾನದಲ್ಲಿ ಯಾರದೋ ಕಾಳು ಒಣಗುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮದು ನೆಲವೂ ಡೊಂಕು, ಕುಣಿಯಲೂ ಬರುತ್ತಿರಲಿಲ್ಲ.

ಮೈದಾನಕ್ಕೆ ಅಂಟಿಕೊಂಡೇ ಬಸ್ ನಿಲ್ದಾಣ. ತೊಂದರೆ ಅಲ್ಲಿಂದ ಶುರುವಾಯಿತು. ಆಗಿನ ಕಂಡಕ್ಟರುಗಳು ಸೀಟಿ ಊದಿಯೇ ಬಸ್ಸು ಬಿಡುತ್ತಿದ್ದರು. ಅವರು ಊದಿದರೆ ನಮ್ಮ ಹುಡುಗರು ಆಟ ನಿಲ್ಲಿಸುತ್ತಿದ್ದರು, ನಾನು ಫೌಲ್ ಊದಿದರೆ ಬಸ್ಸು ಹೊರಡುತ್ತಿತ್ತು. ಒಂದು ಸಂಜೆ ಒಬ್ಬ ಅಜ್ಜಿ ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟಾಗಲೇ ಡ್ರೈವರ್ ನನ್ನ ಸೀಟಿಗೆ ಗಾಡಿ ಕದಲಿಸಿದ. ಅಜ್ಜಿಗೆ ಏನೂ ಆಗಲಿಲ್ಲ, ಆದರೆ ಕಂಡಕ್ಟರ್ ಮೈದಾನದ ನಡುವಿಗೇ ಬಂದು ನಿಂತ.

"ಮೇಷ್ಟ್ರೇ, ಈ ಜಾಗದಾಗೆ ಒಂದೇ ಸೀಟಿ ಇರ್ಬೇಕು. ನಿಮ್ದು ಇರ್ಲಾ, ನಮ್ದು ಇರ್ಲಾ, ಹೇಳ್ಬಿಡ್ರಿ."

ಹೊಟ್ಟೆಪಾಡಿನ ಸೀಟಿ ಅವರದು. ನಾನು ನನ್ನದನ್ನು ಜೇಬಿಗೆ ಹಾಕಿದೆ. ಮಾರನೆಯ ದಿನದಿಂದ ಒಂದು ಕೋಲಿಗೆ ಕೆಂಪು ಬಟ್ಟೆ ಕಟ್ಟಿಕೊಂಡು ಆಟ ಆಡಿಸತೊಡಗಿದೆ. ಬಟ್ಟೆ ಮೇಲೆತ್ತಿದರೆ ಆಟ ನಿಲ್ಲಬೇಕು, ಇಳಿಸಿದರೆ ಮತ್ತೆ ಶುರು. ದಾರಿಹೋಕರು ಇದೇನು ರೈಲ್ವೆ ಗೇಟೇ ಅಂತ ನಗುತ್ತಿದ್ದರು. ನಗಲಿ ಅಂತ ಸುಮ್ಮನಿದ್ದೆ.

ಹಾಲೇಶ ಬೆಳೆದದ್ದು ಈ ಕೆಂಪು ಬಟ್ಟೆಯ ಆಟದಲ್ಲಿ. ತೆಳ್ಳಗಿನ ಹುಡುಗ, ಮಾತು ಕಡಿಮೆ, ತರಗತಿಯಲ್ಲಿ ಮೊದಲ ಬೆಂಚಿನಲ್ಲೇ ಕೂರುತ್ತಿದ್ದ. ಆಟದಲ್ಲಿ ಅವನ ಕತ್ತು ಒಂದು ಕಡೆ ನಿಲ್ಲುತ್ತಿರಲಿಲ್ಲ. ಚೆಂಡು ಕಾಲಿಗೆ ಬರುವ ಮೊದಲೇ ಹಿಂದೆ ಯಾರು, ಪಕ್ಕದಲ್ಲಿ ಯಾರು, ಎಲ್ಲ ನೋಡಿ ಮುಗಿಸಿರುತ್ತಿದ್ದ. ನಾನು ಬಟ್ಟೆ ಎತ್ತಿದರೆ ಎಲ್ಲರಿಗಿಂತ ಮೊದಲು ನಿಲ್ಲುವವನು ಅವನೇ. ಏನು ಕಣ್ಣಪ್ಪಾ ಇವನದು ಅಂತ ನಾನು ಹಿಗ್ಗುತ್ತಿದ್ದೆ. ಆ ಕಣ್ಣು ಯಾಕೆ ಅಷ್ಟು ಚುರುಕಾಯಿತು ಎಂದು ಕೇಳಿಕೊಳ್ಳುವ ಬುದ್ಧಿ ಬರಲಿಲ್ಲ.

ಗೊತ್ತಾದದ್ದು ಹೊನ್ನಾಳಿಯಲ್ಲಿ. ಅಲ್ಲಿನ ಒಂದು ಸಂಘ ಪಂದ್ಯ ಇಟ್ಟಿತ್ತು. ನಮ್ಮ ತಂಡ ಚನ್ನಗಿರಿ ಬಿಟ್ಟು ಹೊರಗೆ ಆಡಿದ್ದು ಅದೇ ಮೊದಲು. ಶಿವಮೊಗ್ಗದಿಂದ ಬಂದ ರೆಫರಿ ಸೀಟಿ ಊದುತ್ತಿದ್ದರು. ಮೊದಲರ್ಧದಲ್ಲಿ ಎರಡು ಸಲ ಸೀಟಿ ಆದ ಮೇಲೂ ಹಾಲೇಶ ಚೆಂಡು ಹೊಡೆದುಕೊಂಡು ಹೋದ. ರೆಫರಿ ನನ್ನ ಹತ್ತಿರ ಬಂದು, ನಿಮ್ಮ ಹುಡುಗನಿಗೆ ಕೊಬ್ಬು ಜಾಸ್ತಿ, ಇನ್ನೊಂದು ಸಲ ಹೀಗಾದರೆ ಹೊರಗೆ ಹಾಕುತ್ತೇನೆ ಎಂದರು. ಗೆದ್ದೆವು, ಆದರೂ ನನಗೆ ಮೈ ಉರಿಯುತ್ತಿತ್ತು.

ಪಂದ್ಯ ಮುಗಿದು ಹುಡುಗರು ಕೈಕಾಲು ತೊಳೆಯಲು ತುಂಗಭದ್ರೆಗೆ ಇಳಿದರು. ಹಾಲೇಶ ಮೊಣಕಾಲುದ್ದ ನೀರಿನಲ್ಲಿ ನನಗೆ ಬೆನ್ನು ಮಾಡಿ ನಿಂತಿದ್ದ. ಹೆಸರು ಹಿಡಿದು ಕೂಗುವಷ್ಟೂ ಸಮಾಧಾನ ನನಗಿರಲಿಲ್ಲ. ಜೇಬಿನಿಂದ ಸೀಟಿ ತೆಗೆದು ಅವನ ಬೆನ್ನ ಹಿಂದೆಯೇ ನಿಂತು ಉಸಿರು ಇರುವಷ್ಟೂ ಊದಿದೆ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ತಿರುಗಿದರು. ನೀರಲ್ಲಿ ಮಲಗಿದ್ದ ಎಮ್ಮೆ ತಲೆ ಎತ್ತಿತು. ಹಾಲೇಶ ತನ್ನ ಪಾಡಿಗೆ ಮೊಣಕೈಯ ಮಣ್ಣು ತಿಕ್ಕುತ್ತಿದ್ದ. ಇನ್ನೊಂದು ಸಲ ಊದಿದೆ. ಅವನು ತಿರುಗಲಿಲ್ಲ.

ನನ್ನ ಸಿಟ್ಟೆಲ್ಲ ಜರ್ರನೆ ಇಳಿದುಹೋಯಿತು. ಭುಜ ಮುಟ್ಟಿದೆ. ಅವನು ತಿರುಗಿ ಮೊದಲು ನನ್ನ ಕೈಯ ಸೀಟಿ ನೋಡಿದ, ಆಮೇಲೆ ನನ್ನ ಮುಖ.

"ಎಷ್ಟು ದಿನದಿಂದ ಹಿಂಗೆ?" ಎಂದು ಕೇಳಿದೆ.

"ಸಣ್ಣವನಿದ್ದಾಗ ಜ್ವರ ಬಂದಿತ್ತಂತೆ ಸಾರ್. ದಪ್ಪ ದನಿ ಕೇಳ್ತೈತೆ. ಡೊಳ್ಳು ಕೇಳ್ತೈತೆ, ಬಸ್ಸು ಕೇಳ್ತೈತೆ. ನೀವು ಎದುರಿಗೆ ನಿಂತು ಮಾತಾಡಿದ್ರೆ ತುಟಿ ನೋಡಿ ತಿಳ್ಕೊಂತೀನಿ. ಹಕ್ಕಿ, ಸೀಟಿ ಇಂಥವು ಕೇಳಂಗಿಲ್ಲ."

"ನನಗ್ಯಾಕೆ ಹೇಳ್ಲಿಲ್ಲ ಮಾರಾಯ?"

"ಹೇಳಿದ್ರೆ ಆಡ್ಸ್ತಿದ್ರಾ?"

ಮುಂದಿನ ವಾರ ನಲ್ಲೂರಿಗೆ ಹೋದೆ. ರುದ್ರಪ್ಪನವರು ಅಂಗಡಿಯ ಗಿರಾಕಿಗಳನ್ನು ಕಳಿಸಿ, ಬಾಗಿಲು ಅರ್ಧ ಎಳೆದುಕೊಂಡು ಮಾತಾಡಿದರು.

"ಮೇಷ್ಟ್ರೇ, ನಿಮ್ಮ ಕಾಲಿಗೆ ಬೀಳ್ತೀನಿ, ಇದು ಹೊರಗೆ ಹೋಗಬಾರ್ದು. ನನ್ನ ಮಗಳಿಗೆ ಗಂಡು ನೋಡಾಕೆ ಹತ್ತೀವಿ. ಅಣ್ಣ ಕಿವುಡ ಅಂತ ಗೊತ್ತಾದ್ರೆ ಈ ಮನ್ಯಾಗೆ ಎಲ್ಲರ ರಕ್ತನೂ ಹಂಗೇ ಅಂತಾರೆ. ಜನದ ಬಾಯಿ ಮುಚ್ಚಾಕೆ ಆಗ್ತೈತಾ?"

ಆಗುವುದಿಲ್ಲ. ನಾನು ತಂಡದ ಹುಡುಗರನ್ನು ಮಾತ್ರ ಕೂರಿಸಿಕೊಂಡು, ಹೊರಗೆ ಬಾಯಿ ಬಿಡಬಾರದು ಅಂತ ಆಣೆ ಹಾಕಿಸಿ ವಿಷಯ ಹೇಳಿದೆ. ಅವರಲ್ಲಿ ಒಬ್ಬನೂ ಹಲ್ಲು ಬಿಡಲಿಲ್ಲ. ಎಲ್ಲರೂ ಸೇರಿ ಒಂದು ಉಪಾಯ ಮಾಡಿದರು. ಸೀಟಿ ಆದ ಕೂಡಲೇ ಹತ್ತೂ ಜನ ಎರಡೂ ಕೈ ಮೇಲೆತ್ತಿ ನಿಲ್ಲುವುದು. ಹಾಲೇಶನ ಕತ್ತು ಹೇಗೂ ತಿರುಗುತ್ತಲೇ ಇರುತ್ತದೆ, ಯಾರದಾದರೂ ಒಬ್ಬರ ಕೈ ಅವನಿಗೆ ಕಾಣುತ್ತದೆ. ಬೇರೆ ಊರಿನವರು ಇದು ಚನ್ನಗಿರಿಯವರ ಶಿಸ್ತು ಅಂತ ತಿಳಿದರು. ಒಬ್ಬ ಅಧಿಕಾರಿ ಇದನ್ನು ನೋಡಿ ತಮ್ಮ ಭಾಷಣದಲ್ಲಿ ನನ್ನನ್ನು ಹೊಗಳಿದರು. ನಾನು ತಲೆ ತಗ್ಗಿಸಿ ಕೂತಿದ್ದೆ.

ಹಾಗೆ ಎರಡು ಋತು ನಡೆಯಿತು. ಆ ಎರಡು ಋತುವಿನಲ್ಲಿ ಹಾಲೇಶ ನಮ್ಮ ಸೀಮೆಯ ಹೆಸರಾದ. ದಾವಣಗೆರೆಯಲ್ಲಿ ಅವನು ಆಡುವ ದಿನ ಗಿರಣಿಯ ಪಾಳಿ ಮುಗಿಸಿದ ಕಾರ್ಮಿಕರು ಬುತ್ತಿಯ ಸಮೇತ ಮೈದಾನಕ್ಕೆ ಬರುತ್ತಿದ್ದರು. ವಿಶ್ವವಿದ್ಯಾಲಯದ ತಂಡಕ್ಕೆ ಅವನ ಹೆಸರು ಹೋಯಿತು. ಬೆಂಗಳೂರಿನ ಒಂದು ದೊಡ್ಡ ಕಾರ್ಖಾನೆಯ ಕೋಚ್ ಬಂದು ನೋಡಿದರು. ಆ ಕಾಲದಲ್ಲಿ ಕಾರ್ಖಾನೆಗಳು ತಮ್ಮ ತಂಡಕ್ಕಾಗಿ ಆಟಗಾರರಿಗೆ ಕಾಯಂ ಕೆಲಸ ಕೊಡುತ್ತಿದ್ದವು. ಈ ವರ್ಷದ ಕಾಲೇಜು ಪಂದ್ಯಗಳು ಮುಗಿಯಲಿ, ಇವನನ್ನು ನಾನು ಕರೆದುಕೊಳ್ಳುತ್ತೇನೆ ಎಂದರು. ಡಾಕ್ಟರ ಪರೀಕ್ಷೆ ಇರುತ್ತದೆಯೇ ಎಂದು ನಾನು ಮೆಲ್ಲಗೆ ಕೇಳಿದೆ.

"ಪ್ಲೇಯರ್‌ಗಳಿಗೆ ಡಾಕ್ಟರು ಎದೆ ನೋಡ್ತಾರೆ, ಮಂಡಿ ನೋಡ್ತಾರೆ, ಸೈನ್ ಹಾಕ್ತಾರೆ. ಅದನ್ನ ನನಗೆ ಬಿಡಿ" ಎಂದರು.

ಕಾಯಂ ಕೆಲಸ. ನಲ್ಲೂರಿನ ಆ ಅಂಗಡಿಯ ಮುಂದೆ ನಿಂತು ಈ ಮಾತು ಹೇಳಿದಾಗ ರುದ್ರಪ್ಪನವರು ಗಲ್ಲಾಪೆಟ್ಟಿಗೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿಕೊಂಡರು. ಹಾಲೇಶನ ತಂಗಿಗೆ ಚನ್ನಗಿರಿಯ ಕಡೆಯ ಒಂದು ಸಂಬಂಧವೂ ಮಾತಿನ ಹಂತಕ್ಕೆ ಬಂದಿತ್ತು. ಎಲ್ಲವೂ ಕೂಡಿಬಂದ ಹಾಗೆ ಕಂಡಿತು.

ಆ ವರ್ಷದ ಕೊನೆಯ ಪಂದ್ಯ ದಾವಣಗೆರೆಯಲ್ಲಿ. ಎದುರಿನ ಕಾಲೇಜಿನ ಗೋಲ್‌ಕೀಪರ್ ಸಲೀಂ ಅಂತ. ನಾನು ನನ್ನ ಸರ್ವೀಸಿನಲ್ಲಿ ನೋಡಿದ ಕೀಪರುಗಳಲ್ಲಿ ಅವನಷ್ಟು ಧೈರ್ಯದವನು ಇನ್ನೊಬ್ಬನಿಲ್ಲ. ಉಳಿದವರು ಗೋಲಿನ ಕಂಬದ ನಡುವೆ ಕಾಯುತ್ತಾ ನಿಂತರೆ, ಇವನು ಗೋಲು ಬಿಟ್ಟು ಹೊರಗೆ ಓಡಿಬಂದು ಫಾರ್ವರ್ಡಿನ ಕಾಲಿಗೇ ಬಿದ್ದು ಚೆಂಡು ಕಸಿಯುತ್ತಿದ್ದ. ಅಂದು ಹಾಲೇಶನನ್ನು ಎರಡು ಸಲ ಹೀಗೆ ತಡೆದಿದ್ದ. ಎದ್ದು ಇಬ್ಬರೂ ನಕ್ಕಿದ್ದೂ ಉಂಟು.

ಆಟ ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿತ್ತು. ನಮ್ಮವನೊಬ್ಬ ಉದ್ದಕ್ಕೆ ಚೆಂಡು ಒದ್ದ. ಹಾಲೇಶ ಎಲ್ಲರನ್ನೂ ದಾಟಿ ಒಬ್ಬನೇ ಮುಂದೆ ಓಡಿದ. ಲೈನ್ಸ್‌ಮನ್ ಬಾವುಟ ಎತ್ತಿದ, ಆಫ್‌ಸೈಡ್. ರೆಫರಿ ಸೀಟಿ ಊದಿದರು. ನಮ್ಮ ಹತ್ತೂ ಜನ ಕೈ ಎತ್ತಿದರು. ಆದರೆ ಹತ್ತೂ ಜನ ಅವನ ಬೆನ್ನ ಹಿಂದೆ. ಅವನ ಮುಂದಿದ್ದದ್ದು ಚೆಂಡು ಮತ್ತು ಸಲೀಂ ಮಾತ್ರ. ಸಲೀಂ ಸೀಟಿ ಕೇಳಿದ್ದರಿಂದ ಮೈ ಸಡಿಲ ಬಿಟ್ಟು, ಚೆಂಡು ಎತ್ತಿಕೊಳ್ಳಲು ಸಾವಕಾಶವಾಗಿ ಬಗ್ಗಿದ. ಅವನು ಚೆಂಡಿಗೆ ಬೀಳುತ್ತಿದ್ದಾನೆ ಅಂತ ಹಾಲೇಶನಿಗೆ ಕಂಡಿತು. ತಾನೂ ಪೂರ್ತಿ ಬಲ ಹಾಕಿ ಜಾರಿದ.

ಮೂಳೆ ಮುರಿದ ಸದ್ದು ಗೆರೆಯಾಚೆ ಕೂತ ನನಗೂ ಕೇಳಿಸಿತು. ಕೊರಳ ಪಕ್ಕದ ಮೂಳೆ. ಸಲೀಂ ಕೂಗಲಿಲ್ಲ, ಮಣ್ಣಿನಲ್ಲಿ ಮುಖ ಒತ್ತಿಕೊಂಡ. ಜನ ಮೈದಾನಕ್ಕೆ ನುಗ್ಗಿದರು. ಸೀಟಿ ಎಲ್ಲರಿಗೂ ಕೇಳಿತ್ತಲ್ಲ. ಸೀಟಿ ಆಗಿ ಎಷ್ಟೋ ಹೊತ್ತಿನ ಮೇಲೆ ಬೇಕಂತಲೇ ಗುದ್ದಿದ, ರೌಡಿ, ಹೊಡೀರಿ ಅವನನ್ನ ಅಂತ ಕಿರುಚಾಟ. ನಮ್ಮ ಹುಡುಗರು ಸುತ್ತ ಕೋಟೆ ಕಟ್ಟಿ ಹಾಲೇಶನನ್ನು ಹೊರಗೆ ತಂದರು. ಅವನು ಸಲೀಂ ಬಿದ್ದ ಕಡೆಯೇ ನೋಡುತ್ತಿದ್ದ.

ಪಂದ್ಯದ ಸಮಿತಿ ಮರುದಿನ ಬೆಳಿಗ್ಗೆ ವಿಚಾರಣೆ ಇಟ್ಟಿತು. ಅದಕ್ಕೆ ಮುಂಚೆ ಕಾರ್ಖಾನೆಯ ಕೋಚ್ ನಾವು ಉಳಿದಿದ್ದ ಛತ್ರಕ್ಕೆ ಬಂದರು.

"ನೋಡಿ ಮೇಷ್ಟ್ರೇ, ಸುಮ್ನೆ ವಾದ ಬೇಡ. ಎರಡು ಸಲ ತಡೆದಿದ್ದ, ಸಿಟ್ಟು ಬಂತು, ಗುದ್ದಿಬಿಟ್ಟೆ, ತಪ್ಪಾಯ್ತು ಅಂತ ಕೈ ಮುಗೀಲಿ. ಒಂದು ವರ್ಷ ಆಡ್ಬೇಡ ಅಂತಾರೆ. ವರ್ಷ ಆದ್ಮೇಲೆ ನಾನೇ ಬಂದು ಕರ್ಕೊಂಡು ಹೋಗ್ತೀನಿ. ಸಿಟ್ಟಿರೋ ಫಾರ್ವರ್ಡ್ ನನಗೆ ಬೇಕು."

ಅವರಿಗೆ ಕಿವಿಯ ವಿಷಯ ಗೊತ್ತಿರಲಿಲ್ಲ. ಗೊತ್ತಾದರೆ ಕೆಲಸ ಹೋಯಿತು ಅಂತಲೇ ಲೆಕ್ಕ. ಅತ್ತ ದರಿ, ಇತ್ತ ಪುಲಿ. ರೌಡಿ ಅನ್ನಿಸಿಕೊಂಡರೆ ಒಂದು ವರ್ಷದ ಕೆಟ್ಟ ಹೆಸರು, ಆಮೇಲೆ ಜೀವನಪೂರ್ತಿ ಅನ್ನ. ಕಿವುಡ ಅನ್ನಿಸಿಕೊಂಡರೆ ಕೆಲಸವಿಲ್ಲ, ಆಟವಿಲ್ಲ, ಮನೆಯಲ್ಲಿ ತಂಗಿಯ ಮದುವೆಗೂ ಕಲ್ಲು. ಆಟದ ಲೋಕ ಸಿಟ್ಟನ್ನು ಕ್ಷಮಿಸುತ್ತದೆ, ಕಿವಿಯನ್ನು ಕ್ಷಮಿಸುವುದಿಲ್ಲ. ಅವನ ಎದುರಿಗೆ ಕೂತು, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದೆ.

"ಹಾಲೇಶ, ಕೈ ಮುಗಿದುಬಿಡು. ನಿಮ್ಮಪ್ಪನ ಮುಖ ನೆನೆಸ್ಕೊ."

ಆ ಮಾತು ಹೇಳಿದ್ದಕ್ಕೆ ನನಗೆ ಇಂದೂ ಪಶ್ಚಾತ್ತಾಪವಿಲ್ಲ. ಇಪ್ಪತ್ತು ದಾಟಿದ ಹುಡುಗನಿಗೆ ಮೇಷ್ಟ್ರಾದವನು ಬೇರೆ ಏನು ಹೇಳಬೇಕಿತ್ತೋ ತಿಳಿಯದು. ಅವನು ಆಸ್ಪತ್ರೆ ಎಲ್ಲೈತೆ ಸಾರ್ ಅಂತ ಕೇಳಿದ. ಈಗ ಹೋದರೆ ಸಲೀಂ ಕಡೆಯವರು ಹೊಡೆದಾರು ಎಂದೆ. ಕೇಳದೆ ಒಬ್ಬನೇ ಹೋಗಿ ಬಂದ. ಅಲ್ಲಿ ಏನಾಯಿತು ಅಂತ ನಾನು ಕೇಳುವುದರೊಳಗೆ ಕರೆ ಬಂತು.

ಸಮಿತಿಯ ಕೋಣೆಯಲ್ಲಿ ಉದ್ದನೆಯ ಮೇಜು. ಅಧ್ಯಕ್ಷರು, ರೆಫರಿ, ಎರಡೂ ಕಾಲೇಜಿನ ಮೇಷ್ಟ್ರುಗಳು. ಕೋಚ್ ಗೋಡೆಗೆ ಒರಗಿ ನಿಂತಿದ್ದರು. ಸಿಟ್ಟಿನಿಂದ ಮಾಡಿದೆಯಾ ಎಂದು ಅಧ್ಯಕ್ಷರು ಕೇಳಿದರು. ಹಾಲೇಶ ಅವರ ತುಟಿ ನೋಡಿದ, ಆಮೇಲೆ ಒಂದು ಸಲ ನನ್ನ ಕಡೆ ನೋಡಿದ.

"ಇಲ್ರಿ. ನಂಗೆ ಸೀಟಿ ಕೇಳಂಗಿಲ್ಲ. ಹುಟ್ಟಿದ ಮ್ಯಾಲೆ ಒಂದು ಸಲನೂ ಕೇಳಿದ್ದು ನೆನಪಿಲ್ಲ."

ಯಾರೂ ನಂಬಲಿಲ್ಲ. ರೆಫರಿ ಎದ್ದು ಅವನ ಹಿಂದೆ ಹೋಗಿ ನಿಂತು ಸೀಟಿ ಊದಿದರು. ಆ ಸಣ್ಣ ಕೋಣೆಯಲ್ಲಿ ನಾವೆಲ್ಲ ಕಿವಿ ಮುಚ್ಚಿಕೊಂಡೆವು. ಹಾಲೇಶ ಅಧ್ಯಕ್ಷರ ಮುಖವನ್ನೇ ನೋಡುತ್ತಾ ಕೈ ಕಟ್ಟಿಕೊಂಡು ನಿಂತಿದ್ದ. ಊದಿದರೇನ್ರಿ ಅಂತ ನಮ್ಮ ಮುಖ ನೋಡಿ ಕೇಳಿದ. ನನಗೆ ಅಲ್ಲಿ ಕೂರಲಾಗಲಿಲ್ಲ, ಹೊರಗೆ ಬಂದು ಗೋಡೆ ಹಿಡಿದು ಅತ್ತುಬಿಟ್ಟೆ.

ರೌಡಿತನದ ಆರೋಪ ಬಿಟ್ಟರು. ಆದರೆ ಇಂಥವನು ಬೇರೆ ಆಟಗಾರರಿಗೆ ಅಪಾಯ ಎಂದು ಇನ್ನು ಮುಂದೆ ಯಾವ ಪಂದ್ಯಕ್ಕೂ ಸೇರಿಸಬಾರದು ಅಂತ ತೀರ್ಮಾನ ಮಾಡಿದರು. ಕೋಚ್ ನನ್ನ ಕೈ ಹಿಡಿದುಕೊಂಡರು.

"ಮಿಷಿನ್ ಮುಂದೆ ಇವನನ್ನ ಹೆಂಗ್ರಿ ನಿಲ್ಲಿಸ್ಲಿ? ನಾಳೆ ಕೈ ಸಿಕ್ಕಿದ್ರೆ ಯಾರು ಹೊಣೆ? ಬಾಯಿ ಮುಚ್ಕೊಂಡಿದ್ರೆ ಸಾಕಿತ್ತಲ್ರಿ" ಎಂದು ಹೇಳಿ ಹೊರಟುಹೋದರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ತಂಗಿಯ ಸಂಬಂಧ ಮುರಿಯಿತು. ಅವಳಿಗೆ ಬೇರೆ ಗಂಡು ಸಿಕ್ಕಿ ಮದುವೆಯಾಗಲು ಬಹಳ ಕಾಲ ಹಿಡಿಯಿತು. ರುದ್ರಪ್ಪನವರು ಮಗನ ಜೊತೆ ಮಾತು ಬಿಟ್ಟರು, ನನ್ನ ಜೊತೆಯೂ. ನಾನು ಅವರ ಅಂಗಡಿಯ ಮುಂದೆ ಬಸ್ಸಿಳಿದರೆ ಒಳಗೆ ಎದ್ದು ಹೋಗುತ್ತಿದ್ದರು. ಯಾಕೆ ಹೇಳಿದೆಯೋ ಅಂತ ಹಾಲೇಶನನ್ನು ನಾನು ಎಷ್ಟೋ ಸಲ ಕೇಳಿದೆ. ನಿಜ ಅಲ್ವಾ ಸಾರ್ ಅನ್ನುತ್ತಿದ್ದ, ಅಷ್ಟೇ. ಅದು ಪೂರ್ತಿ ಉತ್ತರವಲ್ಲ ಅಂತ ನನಗೆ ಗೊತ್ತಾಗುತ್ತಿತ್ತು.

ಅವನು ಹೊನ್ನಾಳಿಯ ಒಂದು ಅಕ್ಕಿ ಗಿರಣಿಗೆ ಸೇರಿದ. ನನಗೂ ಅಲ್ಲಿಗೇ ವರ್ಗವಾಯಿತು. ಗಿರಣಿಯ ಸಾಹುಕಾರರು ತಮಾಷೆಯ ಮನುಷ್ಯ.

"ಇಲ್ಲಿ ಕಿವಿ ಕೇಳೋರೇ ನಾಕು ವರ್ಷದಾಗೆ ಕಿವುಡ್ರಾಗ್ತಾರೆ ಮೇಷ್ಟ್ರೇ. ಇವನು ರೆಡಿಮೇಡ್ ಬಂದಾನೆ" ಎಂದರು.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೆ ಆ ಮಾತಿನಲ್ಲಿ ಸತ್ಯವಿತ್ತು. ಗಿರಣಿಯ ಗದ್ದಲದಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ, ಎಲ್ಲರೂ ಕೈಸನ್ನೆಯಲ್ಲೇ ಕೆಲಸ ಮಾಡುತ್ತಾರೆ. ಹಾಲೇಶ ಅಲ್ಲಿ ಎಲ್ಲರಿಗೂ ಸಮನಾದ. ಸಂಜೆ ಕೊಯ್ಲಾದ ಗದ್ದೆಯಲ್ಲಿ ನನ್ನ ಹುಡುಗರಿಗೆ ಆಟ ಕಲಿಸಲು ಬರುತ್ತಿದ್ದ. ಪಂದ್ಯ ಆಡುವ ಹಾಗಿರಲಿಲ್ಲ, ಕಲಿಸಬಾರದು ಅಂತ ಯಾರೂ ಹೇಳಿರಲಿಲ್ಲ. ನಾನು ದಾವಣಗೆರೆಗೆ ಹೋಗಿ ಬಂದಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದ.

"ಸಲೀಂ ಆಡ್ತಾನಾ ಸಾರ್?"

"ಇಲ್ಲಪ್ಪ, ಬಿಟ್ಟಾನಂತೆ. ಅಪ್ಪನ ಅಂಗಡ್ಯಾಗೆ ಕೂರ್ತಾನಂತೆ."

ಅಷ್ಟು ಕೇಳಿದ ಮೇಲೆ ಅವನು ಚೆಂಡು ಎತ್ತಿಕೊಂಡು ಹುಡುಗರ ನಡುವೆ ಹೊರಟುಬಿಡುತ್ತಿದ್ದ.

ಆಮೇಲೆ ನ್ಯಾಮತಿ. ಅದಾಗ ಹೊನ್ನಾಳಿ ತಾಲ್ಲೂಕಿಗೆ ಸೇರಿದ ಊರು. ಅಲ್ಲಿನ ಹೈಸ್ಕೂಲಿಗೆ ಬರುವ ಹೊತ್ತಿಗೆ ಲಾಡಿಯ ಚೆಂಡು ಹೋಗಿ ಸೂಜಿ ಚುಚ್ಚಿ ಗಾಳಿ ತುಂಬುವ ಚೆಂಡು ಬಂದಿತ್ತು. ನನ್ನ ವಿಧಾನವೂ ಬದಲಾಗಿತ್ತು. ಪ್ರತಿ ವರ್ಷ ಶಾಲೆ ಶುರುವಾದ ಮೊದಲ ವಾರ ಮಕ್ಕಳನ್ನು ನನಗೆ ಬೆನ್ನು ಮಾಡಿ ನಿಲ್ಲಿಸಿ, ಒಬ್ಬೊಬ್ಬರ ಹಿಂದೆ ಸೀಟಿ ಊದುತ್ತಿದ್ದೆ, ಕೇಳಿದವರು ಕೈ ಎತ್ತಬೇಕು. ದೂರದ ಗೋಡೆಯ ಬಳಿ ನಿಂತು ಬೆರಳು ತೋರಿಸಿ ಎಷ್ಟು ಅಂತ ಕೇಳುತ್ತಿದ್ದೆ. ಅಲ್ಲಿನ ಹೆಡ್‌ಮಾಸ್ಟರು ಇದೇನು ಸರ್ಕಸ್ಸು, ನೀವೇನು ಡಾಕ್ಟರಾ ಅಂತ ಎಲ್ಲರೆದುರು ಗದರಿದರು. ಹೌದು ಸಾರ್, ಇವತ್ತೊಂದಿನ ಡಾಕ್ಟರು ಎಂದೆ. ಅವರು ನನ್ನನ್ನು ಕೊನೆಯವರೆಗೂ ಇಷ್ಟಪಡಲಿಲ್ಲ.

ಜಗಳೂರಿಗೆ ಬಂದದ್ದು ಎಂಬತ್ತರ ದಶಕದಲ್ಲಿ. ಅಲ್ಲಿ ಇದೇ ಸರ್ಕಸ್ಸಿನಲ್ಲಿ ಒಬ್ಬಳು ಹುಡುಗಿ ಕೈ ಎತ್ತಲಿಲ್ಲ. ಮೊಂಡಿ, ಕರೆದರೆ ತಿರುಗುವುದಿಲ್ಲ ಅಂತ ಅವಳಿಗೆ ತರಗತಿಯಲ್ಲಿ ದಿನಾ ಬೆತ್ತದ ಪೆಟ್ಟು. ಕರೆದುಕೊಂಡು ಹೋಗಿ ಮೊದಲ ಬೆಂಚಿನಲ್ಲಿ ಕೂರಿಸಿದೆ, ಮೇಷ್ಟ್ರುಗಳಿಗೆ ಕೈ ಮುಗಿದು ವಿಷಯ ಹೇಳಿದೆ. ಪೆಟ್ಟು ನಿಂತಿತು. ಆ ಹುಡುಗಿ ಖೋ ಖೋ ತಂಡದಲ್ಲಿ ಆಡಿದಳು. ಬೆನ್ನು ಮುಟ್ಟಿ ಖೋ ಕೊಡುವ ಆಟಕ್ಕೆ ಕಿವಿ ಅಷ್ಟೇನೂ ಬೇಕಿಲ್ಲ. ಹೊಸ ಮೇಷ್ಟ್ರುಗಳೇ, ಕಪ್, ಶೀಲ್ಡು ಯಾವಾಗಲಾದರೂ ಗೆಲ್ಲಬಹುದು, ಮೊದಲು ಇದನ್ನು ಮಾಡಿ.

ಜಗಳೂರಿನಲ್ಲೇ ಒಂದು ಬೇಸಿಗೆಯಲ್ಲಿ ಊರಿನವರು ಸೇರಿ ಫುಟ್‌ಬಾಲ್ ಪಂದ್ಯ ಇಟ್ಟರು. ನೋಡಿಕೊಳ್ಳುವ ಜವಾಬ್ದಾರಿ ನನ್ನದು. ದಾವಣಗೆರೆಯ ಒಂದು ಕ್ಲಬ್ಬಿನ ಆಟಗಾರರ ಹೆಸರು ಓದುತ್ತಾ ಬಂದಾಗ ಗೋಲ್‌ಕೀಪರ್ ಜಾಗದಲ್ಲಿ ಸಲೀಂ ಅಂತ ಇತ್ತು. ವಿಚಾರಿಸಿದರೆ ಅವನೇ. ಎಷ್ಟೋ ವರ್ಷ ಬಿಟ್ಟಿದ್ದವನು ಈಗ ಮತ್ತೆ ಕೈಗೆ ಗ್ಲೌಸ್ ಹಾಕಿದ್ದಾನೆ, ಇದೇ ಮೊದಲ ಪಂದ್ಯ. ಹೊನ್ನಾಳಿಗೆ ಹೋಗುವ ಒಬ್ಬರ ಕೈಲಿ ಹಾಲೇಶನಿಗೆ ಹೇಳಿ ಕಳಿಸಿದೆ. ಅವನು ಗಿರಣಿಗೆ ರಜೆ ಹಾಕಿ, ಮೂರು ಬಸ್ಸು ಬದಲಿಸಿ ಬಂದ. ತಲೆಯಲ್ಲಿ ಆಗಲೇ ಅಲ್ಲಲ್ಲಿ ಬಿಳಿ ಕೂದಲು. ಪೆಂಡಾಲಿನ ಕುರ್ಚಿ ಬೇಡ ಅಂದ. ಸಲೀಂ ನಿಂತಿದ್ದ ಗೋಲಿನ ಹಿಂದೆ, ಬಿಸಿಲಲ್ಲಿ, ನೆಲದ ಮೇಲೆ ಕೂತ. ನಾನೂ ಹೋಗಿ ಪಕ್ಕದಲ್ಲಿ ಕೂತೆ.

ಮೊದಲರ್ಧದಲ್ಲಿ ಸಲೀಂ ಗೋಲಿನ ಗೆರೆ ಬಿಟ್ಟು ಕದಲಲಿಲ್ಲ. ಎದುರಿನವರು ಎರಡು ಸಲ ಒಬ್ಬಂಟಿಯಾಗಿ ನುಗ್ಗಿದಾಗ ಒಂದು ಹೆಜ್ಜೆ ಮುಂದಿಟ್ಟು ಮತ್ತೆ ಹಿಂದೆ ಬಂದ. ಒಂದು ಗೋಲು ಆಯಿತು. ಹಾಲೇಶ ಕೂತಲ್ಲೇ ಹುಲ್ಲು ಕೀಳುತ್ತಿದ್ದ. ಹೆದರ್ತಾನೆ ಸಾರ್ ಅಂದ. ಅವನ ದನಿಯಲ್ಲಿದ್ದ ಸಂಕಟ ನಾನು ಸಮಿತಿಯ ಕೋಣೆಯಲ್ಲೂ ಕೇಳಿರಲಿಲ್ಲ.

ಎರಡನೆಯ ಅರ್ಧದಲ್ಲಿ ಎದುರಿನ ಫಾರ್ವರ್ಡ್, ಗೂಳಿಯಂಥ ಆಳು, ಎಲ್ಲರನ್ನೂ ದಾಟಿ ಚೆಂಡಿನ ಜೊತೆ ನೇರ ಗೋಲಿಗೆ ಬಂದ. ಸಲೀಂ ಒಂದು ಹೆಜ್ಜೆ ಇಟ್ಟ. ನಿಂತ. ಮತ್ತೆ ಇನ್ನೊಂದು ಇಟ್ಟ. ಆಮೇಲೆ ತಲೆ ತಗ್ಗಿಸಿ ಓಡಿ, ಆ ಗೂಳಿಯ ಕಾಲಿಗೆ ಅಡ್ಡಲಾಗಿ ಬಿದ್ದ. ಧೂಳು ಎದ್ದಿತು. ಧೂಳು ಇಳಿದಾಗ ಚೆಂಡು ಅವನ ಎದೆಯ ಮೇಲಿತ್ತು.

ಹಾಲೇಶ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಕೈ ತೆಗೆಯದೆಯೇ ಮಾತಾಡಿದ.

"ನೀವು ಕೇಳ್ತಿದ್ರಲ್ಲ ಸಾರ್, ಯಾಕೆ ಹೇಳಿದೆ ಅಂತ. ಅವತ್ತು ಬೆಳಿಗ್ಗೆ ಆಸ್ಪತ್ರ್ಯಾಗೆ ಇವನು ನನ್ನ ಕಂಡು ಗೋಡೆ ಕಡಿಗೆ ಮುಖ ತಿರುಗಿಸ್ಕೊಂಡ. ಬೇಕಂತ ಗುದ್ದಿದೆ ಅಂತ ಒಪ್ಕೊಂಡಿದ್ರೆ ನಂಗೆ ಕೆಲಸ ಸಿಗ್ತಿತ್ತು. ಆದ್ರೆ ಸೀಟಿ ಆದ ಮ್ಯಾಲೂ ಗುದ್ದೋರು ಇರ್ತಾರೆ ಅಂತ ಇವನಿಗೆ ಗೊತ್ತಾದ್ರೆ, ಇನ್ಯಾರ ಕಾಲಿಗೆ ಬೀಳ್ತಾನೆ ಇವನು? ಇವನ ಆಟ ಇದ್ದದ್ದೇ ಅಷ್ಟ್ರಾಗೆ. ನನ್ನ ಆಟ ಹೆಂಗೂ ಹೋಗೋದಿತ್ತು, ಇವತ್ತಲ್ಲ ನಾಳೆ. ಅದಕ್ಕೇ ಅವನಿಗೇ ಮೊದ್ಲು ಹೇಳಿ, ಆಮೇಲೆ ಸಮಿತಿಗೆ ಬಂದೆ."

ಇಷ್ಟು ವರ್ಷ ನಾನು ಇವನ ಮೇಷ್ಟ್ರು ಅಂತ ಹೇಳಿಕೊಂಡು ತಿರುಗಿದ್ದೆ. ಅವನ ಬೆನ್ನ ಮೇಲೆ ಕೈಯಿಟ್ಟೆ.

ಪಂದ್ಯ ಮುಗಿಯಿತು. ಸಲೀಂ ಗ್ಲೌಸ್ ಕಳಚುತ್ತಾ ಗೋಲಿನ ಹಿಂದಕ್ಕೆ ಬಂದ. ಹಾಲೇಶನನ್ನು ಗುರುತು ಹಿಡಿದು ನಿಂತ. ಆಮೇಲೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಬಿಸಿಲು ತನ್ನ ಮುಖದ ಮೇಲೆ ಬೀಳುವ ಹಾಗೆ ನಿಂತುಕೊಂಡು ನಿಧಾನವಾಗಿ ಕೇಳಿದ.

"ಹೆಂಗಿತ್ತು?"

"ಅರ್ಧ ಹೆಜ್ಜೆ ಲೇಟು" ಎಂದ ಹಾಲೇಶ. "ನಾನಾಗಿದ್ರೆ ಗೋಲು ಹೊಡೀತಿದ್ದೆ."

ಸಲೀಂ ನಕ್ಕ. ಹೆಗಲು ಒಂದು ಸಲ ತಿರುಗಿಸಿಕೊಂಡ.

"ಇರ್ಬಹುದು. ಆದ್ರೆ ನೀನೇ ಆಗಿದ್ರೂ ನಾನು ಗೋಲು ಬಿಟ್ಟು ಬರ್ತಿದ್ದೆ."

ಹಾಲೇಶ ಅವನ ತುಟಿಯನ್ನೇ ನೋಡುತ್ತಿದ್ದ. ಇನ್ನೊಂದು ಸಲ ಹೇಳು ಅಂದ. ಸಲೀಂ ಇನ್ನೊಂದು ಸಲ ಹೇಳಿದ.